ಹೊನ್ನಮ್ಮನ ಒಲೆ ನನ್ನ ಮನೆಯಲ್ಲಿ

ಒಂದನೇ ತಾರೀಖು ಬೆಳಿಗ್ಗೆ ಎದ್ದು ನೋಡಿದರೆ ಹೊನ್ನಮ್ಮನ ಒಲೆ ನನ್ನ ಮನೆಯಲ್ಲಿರುತ್ತದೆ. ಒಲೆಯೊಂದೇ ಆಗಿದ್ದರೆ ಹೇಗೋ ಸಹಿಸಿಕೊಳ್ಳಬಹುದಿತ್ತು. ಅದರ ಜೊತೆಗೆ ಹಾಲಿನ ಪಾತ್ರೆ, ಉಪ್ಪಿನ ಭರಣಿ, ಹಗ್ಗದ ಮೇಲೆ ಒಣಹಾಕಿದ ಅವಳ ಗಂಡನ ಬನಿಯನ್ನು, ಕೋಣೆಯ ಮಂಚ, ಮಂಚದ ಕೆಳಗೆ ಹರವಿದ ಈರುಳ್ಳಿ, ಎಲ್ಲವೂ ಬಂದಿರುತ್ತವೆ. ಗೋಡೆ ಅಷ್ಟು ದೂರ ಅವರ ಕಡೆಗೆ ಸರಿದು, ಅವರ ಅಡುಗೆಮನೆಯನ್ನೂ ಕೋಣೆಯನ್ನೂ ನನ್ನ ಪಾಲಿಗೆ ಬಿಟ್ಟು, ಏನೂ ನಡೆದೇ ಇಲ್ಲವೆಂಬಂತೆ ನಿಂತಿರುತ್ತದೆ. ನಾನಿನ್ನೂ ಮುಖ ತೊಳೆದಿರುವುದಿಲ್ಲ, ಹೊನ್ನಮ್ಮ ಬೀದಿ ಸುತ್ತಿಕೊಂಡು ಬಂದು ನನ್ನ ಬಾಗಿಲು ತಟ್ಟುತ್ತಾಳೆ.

"ದೇವೀರಕ್ಕ, ಒಸಿ ಬಾಗ್ಲು ತೆಗೀರಿ. ಹಾಲು ಕಾಯ್ಸ್‌ಬೇಕು."

ತೆಗೆಯುತ್ತೇನೆ. ತೆಗೆಯದೆ ಏನು ಮಾಡಲಿ? ಅವಳ ಹಾಲು, ಅವಳ ಒಲೆ. ಮನೆ ಮಾತ್ರ ನನ್ನದು.

ನಮ್ಮದು ಹೌಸಿಂಗ್ ಬೋರ್ಡಿನವರು ಕಟ್ಟಿಸಿಕೊಟ್ಟ ಬಾಡಿಗೆ ಮನೆಗಳ ಸಾಲು, ಎರಡೆರಡು ಮನೆಗೆ ಒಂದು ನಡುಗೋಡೆ. ಬಡವರಿಗೆಂದು ಕಟ್ಟಿದ್ದು, ಬಾಡಿಗೆಯೂ ಕಡಿಮೆ. ಸಾಲಿನ ಕಡೆಯ ಮನೆ ಹೊನ್ನಮ್ಮನ ಗಂಡ ಮರಿಲಿಂಗಯ್ಯನದು, ಅದಕ್ಕೆ ಅಂಟಿಕೊಂಡಿರುವುದು ನನ್ನದು. ಬೋರ್ಡಿನದು ಇರುವುದೇ ಒಂದು ನಿಯಮ. ತಿಂಗಳು ಹುಟ್ಟುವ ಮೊದಲೇ ಆ ತಿಂಗಳ ಬಾಡಿಗೆ ಕೌಂಟರಿಗೆ ಬಂದಿರಬೇಕು. ಬಂದಿದ್ದರೆ ಗೋಡೆ ಅಲ್ಲಾಡುವುದಿಲ್ಲ. ಬರದಿದ್ದರೆ ಒಂದನೇ ತಾರೀಖಿನ ಬೆಳಕು ಹರಿಯುವಷ್ಟರಲ್ಲಿ ಗೋಡೆ ಬಾಕಿ ಇರುವವನ ಮನೆಯೊಳಕ್ಕೆ ಒಂದು ಕೋಣೆಯಷ್ಟು ನುಗ್ಗುತ್ತದೆ, ಪಕ್ಕದವನ ಮನೆ ಅಷ್ಟು ದೊಡ್ಡದಾಗುತ್ತದೆ. ಹಣ ಕಟ್ಟಿದ ಮಾರನೆಯ ಬೆಳಿಗ್ಗೆ ಹಿಂದಕ್ಕೆ ಹೋಗುತ್ತದೆ. ಯಾರಿಗೂ ಪೆಟ್ಟಾಗುವುದಿಲ್ಲ, ಸದ್ದೂ ಇಲ್ಲ, ಒಂದಿಷ್ಟು ಸುಣ್ಣದ ಪುಡಿ ಉದುರುತ್ತದೆ ಅಷ್ಟೆ. ಅದನ್ನು ಗುಡಿಸುವವಳು ನಾನು.

ಊರಿನವರು ಇದಕ್ಕೆ ಒಗ್ಗಿಹೋಗಿದ್ದಾರೆ. ಗೋಡೆಗೆ ಯಾರೂ ಮೊಳೆ ಹೊಡೆಯುವುದಿಲ್ಲ. ದೇವರ ಫೋಟೋಗಳನ್ನು ಬೀದಿ ಬದಿಯ ಗೋಡೆಗೇ ಹಾಕುತ್ತಾರೆ. ಹೆಣ್ಣು ನೋಡಲು ಬರುವವರನ್ನು ಇಪ್ಪತ್ತನೇ ತಾರೀಖಿನ ಮೇಲೆಯೇ ಕರೆಯುತ್ತಾರೆ, ಅಷ್ಟು ಹೊತ್ತಿಗೆ ಎಲ್ಲರ ಮನೆಯೂ ಅವರವರ ಅಳತೆಗೆ ಬಂದಿರುತ್ತದೆ ಎಂದು. ಪಕ್ಕದವನು ಬಾಕಿ ಇಟ್ಟರೆ ಒಳಗೊಳಗೇ ಹಿಗ್ಗುವವರೂ ಇದ್ದಾರೆ. ಹಿಂದಿನ ಸಾಲಿನ ಒಬ್ಬ ಹಾಗೆ ಬಂದ ಕೋಣೆಯಲ್ಲಿ ಹತ್ತು ದಿನದ ಮಟ್ಟಿಗೆ ಸೀರೆ ಅಂಗಡಿ ಇಟ್ಟುಬಿಡುತ್ತಾನೆ. ನನಗೆ ಅಂಥ ಬುದ್ಧಿಯೂ ಇಲ್ಲ, ಅಂಥ ಆಸೆಯೂ ಇಲ್ಲ. ನಾನು ಒಂಟಿ ಹೆಂಗಸು. ಟೌನ್ ಬಸ್ಸಿನಲ್ಲಿ ಕಂಡಕ್ಟರ್. ದಿನವಿಡೀ ನಿಂತು ಕಾಲು ಬಾತುಕೊಂಡು ಮನೆಗೆ ಬಂದರೆ ನನ್ನ ಎರಡು ಕೋಣೆ ಗುಡಿಸುವುದೇ ಸಾಕಾಗಿರುತ್ತದೆ. ಅದರ ಮೇಲೆ ಪಕ್ಕದ ಮನೆಯ ಅಡುಗೆಮನೆ ಬೇರೆ!

ಮರಿಲಿಂಗಯ್ಯ ಕೆಟ್ಟ ಮನುಷ್ಯನೆಂದರೆ ನನ್ನ ನಾಲಿಗೆ ಬಿದ್ದುಹೋಗುತ್ತದೆ. ಕುಡಿಯುವುದಿಲ್ಲ, ಇಸ್ಪೀಟು ಆಡುವುದಿಲ್ಲ. ಮಾರ್ಕೆಟ್ಟಿನ ಹತ್ತಿರದ ಹೋಟೆಲಿನಲ್ಲಿ ಸಪ್ಲೈಯರ್. ಹತ್ತನೇ ತಾರೀಖು ಅವನಿಗೆ ಸಂಬಳ, ಹತ್ತನೇ ತಾರೀಖೇ ಬಾಡಿಗೆ ಕಟ್ಟುತ್ತಾನೆ. ಒಂದು ಪೈಸೆ ಉಳಿಸಿಕೊಂಡವನಲ್ಲ, ಒಂದು ತಿಂಗಳು ತಪ್ಪಿಸಿದವನಲ್ಲ. ಮೈ ಉರಿಯುವುದೇ ಅದಕ್ಕೆ. ಪೂರ್ತಿ ಕಟ್ಟುತ್ತಾನೆ, ಆದರೆ ಯಾವಾಗಲೂ ಹತ್ತು ದಿನ ಹಿಂದೆ. ಒಂದೇ ಒಂದು ತಿಂಗಳು ಹೇಗಾದರೂ ಹೊಂದಿಸಿ ಎರಡು ತಿಂಗಳದ್ದು ಒಟ್ಟಿಗೆ ಕಟ್ಟಿಬಿಟ್ಟರೆ ಸಾಯುವವರೆಗೂ ನೆಮ್ಮದಿ. ಇದನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ, ಬಸ್ಸಿನಲ್ಲಿ ಟಿಕೆಟ್ ಟಿಕೆಟ್ ಎಂದದ್ದಕ್ಕಿಂತ ಹೆಚ್ಚು ಸಲ ಹೇಳಿರಬೇಕು.

ಒಂದು ದಿನ ಡ್ಯೂಟಿ ಮುಗಿಸಿ ಅವನ ಹೋಟೆಲಿಗೇ ಹೋಗಿ ಕೂತೆ. ಮಾಲೀಕರು ಆ ವರ್ಷ ಬಾಗಿಲಲ್ಲಿ ಟೋಕನ್ ಕೌಂಟರ್ ಇಟ್ಟಿದ್ದರು. ಮೊದಲು ದುಡ್ಡು, ಆಮೇಲೆ ತಿಂಡಿ. ಮರಿಲಿಂಗಯ್ಯ ನನ್ನನ್ನು ನೋಡಿದವನೇ ಟೋಕನ್ ಕೇಳದೆ ಕಾಫಿ ತಂದಿಟ್ಟ. ನಾನು ಕುಡಿದ ಮೇಲೆ ನನ್ನಿಂದ ದುಡ್ಡು ಇಸಿದುಕೊಂಡು, ತಾನೇ ಕೌಂಟರಿಗೆ ಹೋಗಿ ಟೋಕನ್ ತಂದು, ತಾನೇ ಆ ಚೀಟಿಯನ್ನು ತಂತಿಯ ಮುಳ್ಳಿಗೆ ಚುಚ್ಚಿದ. ಎಲ್ಲ ಗಿರಾಕಿಗಳಿಗೂ ಹಾಗೇ ಮಾಡುತ್ತಾನಂತೆ.

"ಲಿಂಗಣ್ಣ, ಮುಂಚೆನೇ ಟೋಕನ್ ತಗೊಂಡ್ರೆ ನಿಮ್ಗೆ ಈ ಓಡಾಟ ಇರಲ್ವಲ್ಲ" ಎಂದೆ.

"ಅದೆಂಗೆ ದೇವೀರಮ್ಮ? ಬಾಯಿಗೆ ಬೀಳದ ತಿಂಡಿಗೆ ದುಡ್ಡು ಇಸ್ಕಳದು ನ್ಯಾಯನಾ? ಮನುಷ್ಯ ಉಣ್ಬೇಕು, ಕೈ ತೊಳ್ಕಬೇಕು, ಆಮೇಲೆ ಬಿಲ್ಲು."

"ಬಸ್ಸಲ್ಲಿ ಹಂಗೇ ಮಾಡ್ಲಾ? ಎಲ್ಲಾರ್ನೂ ಇಳಿಸಿಬಿಟ್ಟು ಆಮೇಲೆ ಹಿಂದಿಂದೆ ಓಡ್ಲಾ ಟಿಕೆಟ್ ಹರಿಯಕ್ಕೆ?"

"ನಿಮ್ ಬಸ್ಸು ಹತ್ತೋರು ಇಳಿದು ಓಡೋಯ್ತಾರೆ. ನಾನು ಮನೆ ಬಿಟ್ಟು ಎಲ್ಲಿಗೆ ಓಡ್ಲಿ? ನಂಗೂ ದುಡಿದ ಮೇಲೇ ತಾನೆ ಸಂಬಳ ಕೊಡದು? ಮುಂಚೆ ಯಾರು ಕೊಡ್ತಾರೆ? ನಾನು ಮಾತ್ರ ಇನ್ನೂ ಬದುಕದೇ ಇರೋ ತಿಂಗಳಿಗೆ ಯಾಕೆ ಕೊಡ್ಬೇಕು?"

ಇದಕ್ಕೆ ಉತ್ತರವಿಲ್ಲವೆಂದಲ್ಲ. ಬೋರ್ಡಿನ ಗುಮಾಸ್ತ ಚೆನ್ನಾಗಿಯೇ ಹೇಳುತ್ತಾನೆ. ಬರುವ ತಿಂಗಳ ದುಡ್ಡಿನ ಮೇಲೇ ಗೋಡೆ ನಿಂತಿರುವುದು, ಸೂರು ರಿಪೇರಿ ಆಗುವುದು, ಬಾವಿಯ ಪಂಪು ಓಡುವುದು. ಕೆಲವರು ಮುಂಚೆ ಕೊಟ್ಟು ಕೆಲವರು ಹಿಂದೆ ಕೊಟ್ಟರೆ ಗೋಡೆಯಾದರೂ ಯಾರ ಮಾತು ಕೇಳಬೇಕು? ನಾನು ಅದನ್ನೂ ಹೇಳಿದೆ. ಮರಿಲಿಂಗಯ್ಯ ಲೋಟ ಎತ್ತಿಕೊಂಡು, ಮೇಜು ಒರೆಸಿ, ಮುಂದಿನ ಗಿರಾಕಿಯ ಕಡೆ ಹೋದ.

ಅವನು ಕೇಳದಿದ್ದರೆ ಹಾಳಾಗಿ ಹೋಗಲಿ, ನಾನೇ ಕಟ್ಟಿಬಿಡೋಣವೆಂದು ಒಂದು ಸಲ ಅವನ ಹೆಸರಲ್ಲಿ ನನ್ನ ದುಡ್ಡು ಕಟ್ಟಿದ್ದೂ ಉಂಟು. ಗುಮಾಸ್ತ ತೆಗೆದುಕೊಂಡ, ರಸೀದಿಯನ್ನೂ ಕೊಟ್ಟ. ಗೋಡೆ ಮಾತ್ರ ಒಂದನೇ ತಾರೀಖು ಎಂದಿನಂತೆ ಸರಿದಿತ್ತು. ಅದಕ್ಕೆ ಮನೆಯವನ ಕೈಯ ದುಡ್ಡೇ ಬೇಕಂತೆ. ಆ ದುಡ್ಡು ವಾಪಸ್ಸು ಇಸಿದುಕೊಳ್ಳಲು ನಾನು ಬೋರ್ಡಿಗೆ ಅಲೆದ ಅಲೆದಾಟ ನೆನೆಸಿಕೊಂಡರೆ ಈಗಲೂ ತಲೆ ಬಿಸಿಯಾಗುತ್ತದೆ.

ಇದೆಲ್ಲ ಬರೀ ಕಿರಿಕಿರಿಯ ಮಾತಾಗಿದ್ದರೆ ಹೇಗೋ ಆಗುತ್ತಿತ್ತು. ಆದರೆ ಹಿಂದಕ್ಕೆ ಹೋಗುವ ಗೋಡೆ ಪೂರ್ತಿ ಹಿಂದಕ್ಕೆ ಹೋಗುವುದಿಲ್ಲ. ಪ್ರತಿ ಸಲವೂ ಅವರ ಜಾಗ ಒಂದು ಬೆರಳಗಲ ನನ್ನ ಪಾಲಿಗೇ ಉಳಿದುಬಿಡುತ್ತದೆ. ಇಷ್ಟು ವರ್ಷದ ಬೆರಳುಗಳೆಲ್ಲ ಸೇರಿ ಹೊನ್ನಮ್ಮನ ಅಡುಗೆಮನೆ ಈಗ ಒಂದು ಓಣಿಯಾಗಿದೆ. ಅವಳು ಒಳಗೆ ಹೋಗುವಾಗ ಮುಂದೆ ನೋಡಿಕೊಂಡು ಹೋದರೆ ಹೊರಗೆ ಬರುವಾಗ ಹಿಂದುಹಿಂದಕ್ಕೆ ಬರಬೇಕು. ಕೋಣೆಯಲ್ಲಿ ಮಂಚ ಹಾಕಿದರೆ ಕಾಲಿಡಲು ಜಾಗವಿಲ್ಲ. ನನ್ನ ಅಡುಗೆಮನೆಯೋ, ಒಬ್ಬಳಿಗೆ ಅನ್ನ ಬೇಯಿಸಲು ಮದುವೆಮನೆಯಷ್ಟು ದೊಡ್ಡದು. ಹೊನ್ನಮ್ಮ ಅದನ್ನು ನೋಡಿ ಒಂದು ದಿನವೂ ಒಂದು ಮಾತು ಆಡಿದವಳಲ್ಲ. ಆಡಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಹೀಗಿರುವಾಗ ಅವರ ಮಗಳು ನೇತ್ರಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ದಿನ ತುಂಬುವುದು ಮುಂದಿನ ತಿಂಗಳ ಮೊದಲ ವಾರದಲ್ಲಿ ಎಂದು ಡಾಕ್ಟರು ಹೇಳಿದ್ದರು. ಹೆರಿಗೆ ಆಸ್ಪತ್ರೆಯಲ್ಲಾಗುತ್ತದೆ, ಅದರ ಚಿಂತೆಯಿಲ್ಲ. ಬಾಣಂತಿಯನ್ನು ಎಲ್ಲಿ ಮಲಗಿಸುವುದು? ಹೊನ್ನಮ್ಮ ಸೀರೆಯ ಸೆರಗಿನಲ್ಲಿ ಕೋಣೆಯ ಅಗಲ ಅಳೆದಳು, ತೊಟ್ಟಿಲಿನ ಅಗಲ ಅಳೆದಳು, ಮತ್ತೆ ಕೋಣೆಯನ್ನು ಅಳೆದಳು. ಅಳತೆ ಹೊಂದಲಿಲ್ಲ. ಅದೂ ಒಂದನೇ ತಾರೀಖಿನವರೆಗಿನ ಮಾತು. ಆಮೇಲೆ ಆ ಕೋಣೆಯೇ ಇರುವುದಿಲ್ಲವಲ್ಲ.

"ನಮ್ಮನೇಲೇ ಇರ್ಲಿ ಬಿಡು. ಜಾಗ ಬೇಕಾದಷ್ಟಿದೆ. ಎಣ್ಣೆ ನೀರು ಎಲ್ಲಾ ಇಲ್ಲೇ ಮಾಡನ" ಎಂದೆ.

"ಅದೆಂಗಾಯ್ತದೆ ದೇವೀರಕ್ಕ? ತವರುಮನೆ ಇದ್ದೂ ಮಗಳ್ನ ಪಕ್ಕದ ಮನೇಲಿ ಮಲಗಿಸವ್ರೆ ಅಂದ್ರೆ ಬೀಗರು ಏನಂದಾರು? ಇನ್ನೊಂದು ಅಂದ್ರೆ" ಎಂದು ಹೊನ್ನಮ್ಮ ದನಿ ತಗ್ಗಿಸಿದಳು, "ಹನ್ನೊಂದನೇ ತಾರೀಖು ಬೆಳಿಗ್ಗೆ ಗೋಡೆ ವಾಪಸ್ ಹೋಯ್ತದಲ್ಲ. ಕೂಸು ಈ ಕಡೆ, ತಾಯಿ ಆ ಕಡೆ ಆದ್ರೆ ಗತಿ ಏನು? ಎಳೇ ಕೂಸು ಕಣಕ್ಕ."

ಹಿಂದೆ ಹಾಗೆ ನನ್ನ ಕನ್ನಡಕ ಒಂದು ಕಡೆ, ನಾನು ಒಂದು ಕಡೆ ಆಗಿದ್ದುಂಟು. ಕನ್ನಡಕ ಅಳುವುದಿಲ್ಲ, ಹಾಲು ಕೇಳುವುದಿಲ್ಲ.

ಅವತ್ತು ಮರಿಲಿಂಗಯ್ಯ ಕೆಲಸದಿಂದ ಬರುವುದನ್ನೇ ಕಾದಿದ್ದು ಬೀದಿಯಲ್ಲೇ ಹಿಡಿದುಕೊಂಡೆ. ಬಾಯಿಗೆ ಬಂದಂತೆ ಅಂದೆ. ನಿಮ್ಮ ನ್ಯಾಯ ನಿಮ್ಮ ಹೋಟೆಲಿನಲ್ಲಿರಲಿ, ಮಗಳ ಮುಖ ನೋಡಿ, ಒಂದು ಸಲ, ಒಂದೇ ಒಂದು ಸಲ ಮುಂಗಡ ಕಟ್ಟಿ, ದುಡ್ಡಿಲ್ಲದಿದ್ದರೆ ನಾನು ಸಾಲ ಕೊಡುತ್ತೇನೆ, ನಿಮ್ಮ ಕೈಯಿಂದಲೇ ಕಟ್ಟಿ ಎಂದೆ. ಅಕ್ಕಪಕ್ಕದವರೆಲ್ಲ ಬಾಗಿಲಿಗೆ ಬಂದು ನಿಂತರು.

"ದುಡ್ಡು ಅದೆ" ಎಂದ ಅವನು. ಅಷ್ಟೇ. ತಲೆ ತಗ್ಗಿಸಿಕೊಂಡು ಒಳಗೆ ಹೋದ.

ದುಡ್ಡು ಇದೆಯಂತೆ! ಇದ್ದೂ ಕಟ್ಟುವುದಿಲ್ಲವಂತೆ! ನಾನು ಹಲ್ಲು ಕಡಿಯುತ್ತಾ ಒಳಗೆ ಬಂದು, ಮಾಡಿದ್ದ ಸಾರು ಬಡಿಸಿಕೊಳ್ಳುವ ಮನಸ್ಸೂ ಇಲ್ಲದೆ ಕೂತೆ. ಸ್ವಲ್ಪ ಹೊತ್ತಿಗೆ ಹೊನ್ನಮ್ಮ ಬಂದಳು. ಬಾಗಿಲ ಬಳಿಯೇ ಕುಕ್ಕರುಗಾಲಲ್ಲಿ ಕೂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಮಾತಾಡಿದಳು.

"ಅವ್ರಿಗೆ ಬೈಬೇಡಿ ಅಕ್ಕ. ನೀವು ಈ ಸಾಲಿಗೆ ಬರೋಕೆ ಮುಂಚೆ ನಡೆದದ್ದು. ಈ ಮನೆಗೆ ಬಂದಾಗ ನಂಗೆ ತುಂಬಿದ ತಿಂಗಳು. ನೇತ್ರಾ ಆದ ಎಷ್ಟೋ ವರ್ಷಕ್ಕೆ ನಿಂತಿತ್ತು. ಗಂಡು ಅಂತ ಇವ್ರಿಗೆ ಅದೇನು ನಂಬಿಕೆನೋ. ಹೊಸ ಮನೆ, ಹೊಸ ಕೂಸು ಅಂತ ಮುಂದಿನ ತಿಂಗಳ ಬಾಡಿಗೆ ಮುಂಚೆನೇ ಕಟ್ಟಿ ಬಂದ್ರು. ಹಾಲಿನವನಿಗೂ ಮುಂಚೆನೇ ಕೊಟ್ರು, ಕೂಸಿಗೆ ಅಂತ ಅರ್ಧ ಲೀಟರ್ ಜಾಸ್ತಿ. ಆ ತಿಂಗಳು ಬಂತು. ಕೂಸು ಬರ್ಲಿಲ್ಲ. ಉಸಿರಿಲ್ದೇ ಬಂತು." ಹೊನ್ನಮ್ಮ ಸುತ್ತಿದ ಸೆರಗನ್ನು ಬಿಚ್ಚಿ ಮತ್ತೆ ಸುತ್ತಿದಳು. "ಹಾಲಿನವನು ತಿಂಗಳು ಪೂರ್ತಿ ಜಾಸ್ತಿ ಹಾಲು ಹಾಕ್ದ ಅಕ್ಕ. ಕೊಟ್ಟಿದ್ರಲ್ಲ ದುಡ್ಡು. ಬೇಡ ಅಂತ ಹೇಳೋಕೆ ಇಬ್ರಿಗೂ ಬಾಯಿ ಬರ್ಲಿಲ್ಲ. ಅವತ್ತಿಂದ ಇವ್ರು ಬರದ ದಿನಕ್ಕೆ ದುಡ್ಡು ಕೊಡಲ್ಲ. ನಾನೂ ಬಲವಂತ ಮಾಡಲ್ಲ."

ಅವಳು ಹೋದ ಮೇಲೆ ನಾನು ಅಲ್ಲೇ ಕೂತಿದ್ದೆ. ಇಷ್ಟು ವರ್ಷ ಬೈದದ್ದೆಲ್ಲ ನೆನಪಾಗಿ ಸಂಕಟವಾಯಿತು. ಅದರ ಜೊತೆಗೆ ಸಿಟ್ಟೂ ಬಂತು, ಸುಳ್ಳೇಕೆ ಹೇಳಲಿ? ಇದನ್ನು ಮೊದಲೇ ಹೇಳಬಾರದಿತ್ತೆ? ಹೋಟೆಲು, ಬಿಲ್ಲು, ನ್ಯಾಯ ಎಂದೆಲ್ಲ ನನ್ನ ತಲೆ ತಿನ್ನುವ ಬದಲು ಒಂದು ಮಾತು ಹೇಳಿದ್ದರೆ ನನ್ನ ಬಾಯಿಯಾದರೂ ಸುಮ್ಮನಿರುತ್ತಿತ್ತು. ಬೈದೂ ಉಪಯೋಗವಿಲ್ಲ, ಬೈಯದೆಯೂ ಉಪಯೋಗವಿಲ್ಲ. ಈಗ ಇರುವುದು ಒಂದೇ ದಾರಿ, ಅದೂ ನನಗೆ ಸುತರಾಂ ಒಗ್ಗದ ದಾರಿ.

ಆ ದಾರಿ ಊರಿಗೆಲ್ಲ ಗೊತ್ತು. ನೂಲಿನ ಗಿರಣಿ ಮುಚ್ಚಿದ ವರ್ಷ ಹಿಂದಿನ ಸಾಲಿನ ಎರಡು ಮನೆಯವರು ಒಟ್ಟಿಗೆ ಬಾಕಿ ಬಿದ್ದಿದ್ದರು. ಎರಡು ಕಡೆಯೂ ಬಾಕಿಯಾದರೆ ಗೋಡೆ ಯಾರ ಕಡೆಗೂ ಹೋಗುವುದಿಲ್ಲ, ಇದ್ದಲ್ಲೇ ನಿಲ್ಲುತ್ತದೆ. ಮರಿಲಿಂಗಯ್ಯ ಕಟ್ಟುವುದಿಲ್ಲ. ನಾನೂ ಕಟ್ಟದಿದ್ದರೆ ಇಕ್ಕಟ್ಟೋ ಬಿಕ್ಕಟ್ಟೋ ಆ ಕೋಣೆ ಅವರಿಗೇ ಉಳಿಯುತ್ತದೆ. ಬಾಣಂತನ ಮುಗಿಯುವವರೆಗೂ ಪ್ರತಿ ತಿಂಗಳೂ ನಾನು ಅವನಂತೆಯೇ ತಡವಾಗಿ ಕಟ್ಟಿದರೆ ಗೋಡೆ ಕದಲುವುದೇ ಇಲ್ಲ.

ಹೇಳುವುದು ಸುಲಭ. ತಿಂಗಳ ಕೊನೆಯ ದಿನ ಡಿಪೋದಲ್ಲಿ ಸಂಬಳ ಕೊಟ್ಟರು. ಬೋರ್ಡಿನ ಆಫೀಸು ದಾರಿಯಲ್ಲೇ. ಪ್ರತಿ ತಿಂಗಳೂ ನನ್ನ ಕಾಲು ತಾನಾಗಿ ಆ ಮೆಟ್ಟಿಲು ಹತ್ತುತ್ತದೆ. ಅವತ್ತು ಮೆಟ್ಟಿಲ ಮುಂದೆ ನಿಂತೆ. ಒಳಗಿನಿಂದ ಗುಮಾಸ್ತ ನೋಡಿ, "ಬನ್ನಿ ದೇವೀರಮ್ಮ, ನಿಮ್ಮದೊಂದು ಆದ್ರೆ ಈ ಸಾಲು ಮುಗೀತು" ಎಂದ. ಟಿಕೆಟ್ಟಿಲ್ಲದೆ ಕೂತ ಎಷ್ಟು ಜನರನ್ನು ನಾನು ನಡುರಸ್ತೆಯಲ್ಲಿ ಇಳಿಸಿದ್ದೇನೆ! ಅವರೆಲ್ಲ ಹೀಗೆಯೇ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಕೂತಿರುತ್ತಿದ್ದರು. ನಾನೂ ಮುಖ ತಿರುಗಿಸಿಕೊಂಡೆ. "ಆಮೇಲೆ ಬರ್ತೀನಿ" ಎಂದು ಗೊಣಗಿ, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಮನೆ ಸೇರಿದೆ. ಗುಮಾಸ್ತ ಆಡಿದ ಮಾತಿನ ಅರ್ಥ ಆಗ ನನಗೆ ಹೊಳೆಯಲಿಲ್ಲ. ಅಷ್ಟು ನಾಚಿಕೆಯಾಗಿತ್ತು.

ರಾತ್ರಿ ನಡುಮನೆಯಲ್ಲೇ ಚಾಪೆ ಹಾಕಿ ಮಲಗಿದ್ದವಳು ಒಂದನೇ ತಾರೀಖು ಬೆಳಿಗ್ಗೆ ಎದ್ದೆ. ಹೊನ್ನಮ್ಮ ಬಾಗಿಲು ತಟ್ಟಲಿಲ್ಲ. ಸರಿ, ಗೋಡೆ ನಿಂತಿದೆ ಎಂದು ಸಮಾಧಾನವಾಯಿತು. ಕಾಫಿ ಕಾಯಿಸೋಣವೆಂದು ಅಡುಗೆಮನೆಯ ಕಡೆ ಹೋದರೆ ಹಣೆ ಗೋಡೆಗೆ ಬಡಿಯಿತು. ಅಡುಗೆಮನೆ ಇಲ್ಲ. ಕೋಣೆಯೂ ಇಲ್ಲ. ನಾನು, ನನ್ನ ಚಾಪೆ, ಯೂನಿಫಾರಂ ತಗುಲಿಹಾಕಿದ ಗೂಟ, ಇಷ್ಟೇ ಉಳಿದಿದ್ದದ್ದು.

ಬೀದಿ ಸುತ್ತಿಕೊಂಡು ಹೋಗಿ ಅವರ ಬಾಗಿಲು ತಟ್ಟಿದೆ. ಮರಿಲಿಂಗಯ್ಯನೇ ತೆಗೆದ. ಒಳಗೆ ನೋಡಿದರೆ ಅವರ ಓಣಿಯೂ ನನ್ನ ಮದುವೆಮನೆಯೂ ಒಂದಾಗಿಹೋಗಿವೆ. ಎರಡು ಒಲೆ ಅಕ್ಕಪಕ್ಕ ಕೂತಿವೆ. ಆಚೆ ಕೋಣೆಯಲ್ಲಿ ನನ್ನ ಮಂಚದ ಮೇಲೆ ನೇತ್ರಾ ಕಾಲು ಚಾಚಿ ಮಲಗಿದ್ದಾಳೆ, ಹೊನ್ನಮ್ಮ ತೊಟ್ಟಿಲಿಗೆ ಹಗ್ಗ ಕಟ್ಟುತ್ತಿದ್ದಾಳೆ. ತೊಟ್ಟಿಲು ಅಡ್ಡಕ್ಕೂ ಉದ್ದಕ್ಕೂ ಆರಾಮಾಗಿ ತೂಗುವಷ್ಟು ಜಾಗ.

"ಕಟ್ಟಿದ್ರಾ?" ಎಂದೆ.

"ನಿನ್ನೆ ಬೆಳಿಗ್ಗೆನೇ ಹೋಗಿ ಕಟ್ಬುಟ್ಟೆ. ನೀವೇ ಹೇಳಿದ್ರಲ್ಲ ಮಗಳ ಮುಖ ನೋಡಿ ಅಂತ. ಅಲ್ಲ, ನೀವ್ಯಾಕೆ ಕಟ್ಲಿಲ್ಲ ದೇವೀರಮ್ಮ? ಮುಂಚೆನೇ ಕಟ್ಬುಡ್ಬೇಕು. ಮುಂಚೆ ಕಟ್ಟಿದ್ರೆ ಎಷ್ಟು ನೆಮ್ಮದಿ ಗೊತ್ತಾ? ಒಂದು ತಿಂಗಳು ಹೆಂಗೋ ಕಷ್ಟ ಬಿದ್ದು ಕಟ್ಬುಟ್ರೆ ಆಮೇಲೆ ಯೋಚನೆನೇ ಇಲ್ಲ. ಬೇಕಾದ್ರೆ ನಾನು ಕೈಗಡ ಕೊಡ್ತೀನಿ."

ನಾನು ಆ ಬಾಗಿಲಲ್ಲಿ, ತಲೆ ಬಾಚದೆ, ಹಣೆ ಊದಿಸಿಕೊಂಡು, ಕಾಫಿ ಇಲ್ಲದೆ ನಿಂತು ಅದನ್ನು ಕೇಳಿದೆ. ನಾನು ಇಷ್ಟು ವರ್ಷ ಹೇಳಿದ ಮಾತುಗಳನ್ನು ಒಂದಕ್ಷರ ಬಿಡದೆ ನನಗೇ ಹೇಳಿದ. ಇವನ ಸಲುವಾಗಿ ನನ್ನ ಮರ್ಯಾದೆ ಕಳೆದುಕೊಂಡು ಬೋರ್ಡಿನ ಮೆಟ್ಟಿಲಿಂದ ಓಡಿಬಂದಿದ್ದೆ. ಅದನ್ನು ಹೇಳಿಬಿಡುವಷ್ಟು ಕೋಪ ಬಂತು. ಆಗ ಅವನ ಕೈ ನೋಡಿದೆ. ನಿನ್ನೆಯ ರಸೀದಿಯನ್ನು ಇನ್ನೂ ಮುಷ್ಟಿಯಲ್ಲಿ ಮುದ್ದೆಮಾಡಿ ಹಿಡಿದಿದ್ದ.

"ದೇವೀರಮ್ಮ," ಎಂದ ಮೆಲ್ಲಗೆ, ಒಳಗಿನವರಿಗೆ ಕೇಳಿಸದ ಹಾಗೆ. "ಈ ತಿಂಗಳದ್ದು ಕೊಟ್ಬುಟ್ಟಿದ್ದೀನಿ. ಏನೂ ಆಗಲ್ಲ ಅಲ್ವಾ?"

ನನಗೇನು ಗೊತ್ತು?

"ಏನೂ ಆಗಲ್ಲ. ಮೊದ್ಲು ನಂಗೊಂದು ಕಾಫಿ ಕೊಡಿ" ಎಂದೆ.

ಆ ದಿನಗಳನ್ನು ಹೇಗೆ ಕಳೆದೆವೋ. ಮರಿಲಿಂಗಯ್ಯ ಊಟ ಬಿಟ್ಟ. ಹೊನ್ನಮ್ಮ ಹಾಲಿನವನು ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು. ನಾನು ದಿನಾ ಎರಡು ಹೊತ್ತು ನನ್ನದೇ ಒಲೆಗೆ ಅಪ್ಪಣೆ ಕೇಳಿಕೊಂಡು ಹೋಗುತ್ತಿದ್ದೆ, ನೇತ್ರಾಳ ಹೊಟ್ಟೆ ನೋಡಿಕೊಂಡು ಬರುತ್ತಿದ್ದೆ. ಗುರುವಾರ ಮಧ್ಯಾಹ್ನ ಆಸ್ಪತ್ರೆಗೆ ಕರೆದುಕೊಂಡು ಹೋದರು. ನಾನು ಟ್ರಿಪ್ಪಿನಲ್ಲಿದ್ದೆ. ಆಸ್ಪತ್ರೆ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿ, ಡ್ರೈವರು ಬೈಯುತ್ತಿದ್ದರೂ ಕೇಳದೆ ಇಳಿದು ಒಳಗೆ ಓಡಿದೆ. ವರಾಂಡದಲ್ಲಿ ಮರಿಲಿಂಗಯ್ಯ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ಅಷ್ಟರಲ್ಲಿ ಒಳಗಿನಿಂದ ಅಳು ಕೇಳಿಸಿತು. ಎಳೆಯ, ಸಿಟ್ಟಿನ, ಗಟ್ಟಿ ಅಳು. ಮರಿಲಿಂಗಯ್ಯ ಅಂಗವಸ್ತ್ರ ಬಾಯಿಗೆ ತುರುಕಿಕೊಂಡು ಹುಡುಗನ ಹಾಗೆ ಬಿಕ್ಕಿಬಿಕ್ಕಿ ಅತ್ತ. ನನಗೂ ತಡೆಯಲಾಗಲಿಲ್ಲ. ಹೊರಗೆ ಡ್ರೈವರು ಹಾರನ್ ಬಾರಿಸುತ್ತಲೇ ಇದ್ದ.

ಹೆಣ್ಣು ಕೂಸು. ಐದನೆಯ ದಿನ ಮನೆಗೆ ಕರೆತಂದರು. ಕೋಣೆಯಲ್ಲಿ ತೊಟ್ಟಿಲು ತೂಗಿತು, ಸಾಂಬ್ರಾಣಿ ಹೊಗೆ ತುಂಬಿತು, ಬೀಗರು ಬಂದು ಮನೆಯ ವಿಸ್ತಾರ ನೋಡಿ ಬೆರಗಾಗಿ ಹೋದರು. ನಾನು ನನ್ನ ಪಾಲಿನ ನಡುಮನೆಯಲ್ಲಿ ಚಾಪೆಯ ಮೇಲೆ ಕೂತು ಗೋಡೆಯಾಚೆಯ ಅಳು ಕೇಳುತ್ತಿದ್ದೆ.

ತಿಂಗಳು ಮುಗಿಯುವ ಹೊತ್ತಿಗೆ ಮರಿಲಿಂಗಯ್ಯ ಸ್ನಾನ ಮಾಡಿ, ಮಡಿಸಿಟ್ಟಿದ್ದ ಅಂಗಿ ತೊಟ್ಟು, ಬೋರ್ಡಿನ ಆಫೀಸಿಗೆ ಹೊರಟವನು ನನ್ನ ಬಾಗಿಲ ಬಳಿ ನಿಂತ.

"ಬರೋ ತಿಂಗಳದ್ದೂ ಕಟ್ಬುಡನ ಅಂತ ಹೊರಟೆ. ನೀವೂ ಬನ್ನಿ ದೇವೀರಮ್ಮ, ಒಟ್ಗೆ ಹೋಗನ. ಹಳೇದೂ ಸೇರಿಸಿ ಕಟ್ಟಿದ್ರೆ ನಾಳೆ ನಿಮ್ ಮನೆ ನಿಮ್ಗೆ ಬಂದ್ಬುಡ್ತದೆ."

ಸಂಬಳ ನನ್ನ ಚೀಲದಲ್ಲೇ ಇತ್ತು. ಗೋಡೆಯಾಚೆ ತೊಟ್ಟಿಲ ಹಗ್ಗ ಕಿರುಗುಟ್ಟುತ್ತಿತ್ತು.

"ನೀವು ಹೋಗಿ ಕಟ್ಟಿ ಬನ್ನಿ ಲಿಂಗಣ್ಣ" ಎಂದೆ. "ನಂಗೆ ಈ ತಿಂಗಳೂ ಅನುಕೂಲ ಇಲ್ಲ."